ಬಚ್ಚಪ್ಪನ ಕಾಲಿನ ಬಂಗಾರ

ಉರಿಗಾಂ ಚಿನ್ನದ ಗಣಿಯ ಕೆಲಸಗಾರರು ವಾಸಿಸುವ ಮಿಲ್ಲು ಲೈನಿನಲ್ಲಿ ಬಚ್ಚಪ್ಪ ಕಾಲಿಗೆ ಪಟ್ಟಿ ಸುತ್ತಿಕೊಂಡು ಮನೆಯಿಂದ ಹೊರಬಿದ್ದ ಬೆಳಿಗ್ಗೆ, ಕೊಳಾಯಿಯ ಬಳಿ ನಿಂತಿದ್ದ ಹೆಂಗಸರು ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಅದನ್ನು ಎತ್ತುವುದನ್ನು ಮರೆತು ನೋಡುತ್ತ ನಿಂತರು. ಅದು ಗಾಯಕ್ಕೆ ಕಟ್ಟುವ ಪಟ್ಟಿಯಲ್ಲ. ಜರ್ಮನ್ ಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳು ಹರಡಿನಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತುತ್ತಿದ್ದ ಖಾಕಿ ಉಣ್ಣೆಯ ಪಟ್ಟಿ. ಗಣಿಯ ಕಾವಲುಗಾರರಿಗೆ ಅದು ಭೂಷಣ. ಅವರ ಜಮೇದಾರ ಕುಪ್ಪುಸ್ವಾಮಿಗಂತೂ ಅದು ಕಿರೀಟಕ್ಕಿಂತ ಒಂದು ಕೈ ಮೇಲು. ಕಿರೀಟವನ್ನಾದರೂ ಮಲಗುವಾಗ ತೆಗೆದಿಡುತ್ತಾರೆ. ಅಂಥ ಪಟ್ಟಿಯನ್ನು ಬೂದಿಕೋಟೆ ಕಡೆಯಿಂದ ಬಂದು ಮಿಲ್ಲಿನಲ್ಲಿ ತಗಡು ತೊಳೆಯುವ ಬಚ್ಚಪ್ಪ, ಮಾಸಿದ ಪಂಚೆಯ ಕೆಳಗೆ ಸುತ್ತಿಕೊಂಡು ಗಂಭೀರವಾಗಿ ನಡೆದು ಬರುತ್ತಿದ್ದ.

ಗಂಡ ಮಿಲ್ಲಿನಲ್ಲೇ ಕೆಲಸಕ್ಕಿದ್ದ ಪಕ್ಕದ ಮನೆಯ ಮಂಗಮ್ಮ ಸುಮ್ಮನಿರುವ ಜೀವವಲ್ಲ. "ಏನ್ ಬಚ್ಚಣ್ಣಾ, ಯುದ್ಧಕ್ಕೆ ಒಂಟ್ಯಾ?" ಎಂದಳು.

"ದೊರೆ ಇನಾಮು ಕೊಟ್ರು. ಕೆಲಸ ನೋಡಿ ಮೆಚ್ಕೊಂಡ್ರು," ಎಂದ ಬಚ್ಚಪ್ಪ, ಕತ್ತು ತಿರುಗಿಸದೆ.

ಗಣಿಯ ಇಂಗ್ಲಿಷ್ ದೊರೆ ಮೆಚ್ಚಿದ್ದೂ ಇಲ್ಲ, ಇನಾಮು ಕೊಟ್ಟದ್ದೂ ಇಲ್ಲ. ಪಟ್ಟಿ ಬಂದದ್ದು ಬಂಗಾರಪೇಟೆಯ ಸಂತೆಯಲ್ಲಿ ಹಳೇ ಬಟ್ಟೆ ಮಾರುವವನಿಂದ. ಯುಗಾದಿಯ ಹೊತ್ತಿನಿಂದ ಬಚ್ಚಪ್ಪನ ಎರಡು ಕಾಲೂ ಊದಿಕೊಳ್ಳುತ್ತಿದ್ದವು. ಬೆಳಿಗ್ಗೆ ತಕ್ಕಮಟ್ಟಿಗೆ ಕಾಲಿನಂತೆ ಕಾಣುತ್ತಿದ್ದುದು, ಸಂಜೆಗೆ ಹರಡಿನ ಮೂಳೆಯೇ ಮುಳುಗಿಹೋಗಿ ಕುಂಬಳಕಾಯಿಗೆ ಬೆರಳು ಅಂಟಿಸಿದಂತೆ ಆಗುತ್ತಿತ್ತು. ಊದಿಕೊಂಡ ಮೈ ಸುಡುವುದು ಲೋಕರೂಢಿ. ಇವನ ಪಾದವೋ ಬೇಸಗೆಯ ನಡುಹಗಲಿನಲ್ಲೂ ಬೇತಮಂಗಲದ ಕೆರೆಯಿಂದ ಆಗತಾನೆ ಎತ್ತಿದ ಕಲ್ಲಿನಂತೆ ತಣ್ಣಗೆ ಕೊರೆಯುತ್ತಿತ್ತು. ಇದರ ಮೇಲೆ ಎದೆಯೊಳಗೆ ಆಗಾಗ ಕಪ್ಪೆ ಕುಪ್ಪಳಿಸಿದಂತೆ ಏನೋ ಆಗಿ, ದಿಬ್ಬ ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ.

ಹಾಗಿದ್ದರೆ ಡಾಕ್ಟರಿಗೆ ತೋರಿಸಬಾರದೆ ಎಂದು ಯಾರಾದರೂ ಕೇಳಬಹುದು. ಬಚ್ಚಪ್ಪ ವಾಸವಾಗಿದ್ದ ಆ ಒಂದು ಕೋಣೆಯ ಮನೆಯಲ್ಲಿ ಅವನಿಗಿಂತ ಮೊದಲು ಕದಿರಪ್ಪ ಎಂಬವನಿದ್ದ. ಕದಿರಪ್ಪನ ಕಾಲೂ ಊದಿತು. ಪಾಪ, ಅವನು ನೇರವಾಗಿ ಹೋಗಿ ತೋರಿಸಿಬಿಟ್ಟ. ಕೆಲಸಕ್ಕೆ ಆಗುವುದಿಲ್ಲ ಎಂದು ಬರೆದರು. ಕೆಲಸ ಹೋಯಿತು, ಕೆಲಸದ ಬೆನ್ನಿಗೆ ಗಣಿಯವರ ಮನೆಯೂ ಹೋಯಿತು. ಆ ಮನೆ ಸಿಕ್ಕಿದ ದಿನ ಬಚ್ಚಪ್ಪ ದೇವರಿಗೆ ಕಾಯಿ ಒಡೆದಿದ್ದ. ಈಗ ಅದೇ ಮನೆಯಲ್ಲಿ ಕೂತು ಅವನು ತನ್ನ ಕಾಲನ್ನು ನೋಡಿಕೊಂಡಾಗ, ಈ ಮನೆ ತಮಗೆ ಸಿಗಲೆಂದು ಇನ್ನು ಯಾರು ಕಾಯಿ ಒಡೆಯಲು ಕಾದಿದ್ದಾರೋ ಎಂಬ ಯೋಚನೆ ಬರುತ್ತಿತ್ತು. ಹೋದರೆ ಪ್ರಾಣ ಹೋಗಲಿ, ಕಾಲು ಮಾತ್ರ ಯಾರ ಕಣ್ಣಿಗೂ ಬೀಳಬಾರದು ಎಂದು ಅವನು ನಿಶ್ಚಯಿಸಿದ. ಬುದ್ಧಿವಂತಿಕೆಯ ನಿಶ್ಚಯವಲ್ಲ. ಆದರೆ ಬಡವನ ನಿಶ್ಚಯಗಳಿಗೆ ಬುದ್ಧಿವಂತಿಕೆಯನ್ನು ಕೇಳುವಷ್ಟು ಪುರುಸೊತ್ತು ಇರುವುದಿಲ್ಲ.

ಮಿಲ್ಲಿನ ಕೆಲಸವೆಂದರೆ ನಿಂತೇ ಮಾಡುವ ಕೆಲಸ. ಕಬ್ಬಿಣದ ದೈತ್ಯ ಒನಕೆಗಳು ಸಾಲಾಗಿ ಎದ್ದು ಬಿದ್ದು ಗಣಿಯ ಕಲ್ಲನ್ನು ಕುಟ್ಟುತ್ತವೆ. ಆ ಪುಡಿ ನೀರಿನೊಡನೆ ಕೆಸರಾಗಿ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿದು, ಅದರೊಳಗಿನ ಚಿನ್ನ ಅಲ್ಲಿಯೇ ಅಂಟಿ ನಿಲ್ಲುತ್ತದೆ. ಆ ತಗಡುಗಳೇ ಬಚ್ಚಪ್ಪನ ಪಾಲಿನವು. ಆದ್ದರಿಂದಲೇ ಪಾಳಿ ಮುಗಿದ ಮೇಲೆ ಬಾಗಿಲಲ್ಲಿ ಝಡತಿ. ರುಮಾಲು ಬಿಚ್ಚಿಸುವರು, ಬಾಯಿ ತೆರೆಸುವರು, ಕಿವಿಯೊಳಗೆ ಇಣುಕುವರು. ಆದರೆ ಪಟ್ಟಿ? ದಿನವೂ ಅದನ್ನು ಸುತ್ತಿ ಬಿಚ್ಚಿ ರೋಸಿಹೋಗಿದ್ದ ಕಾವಲುಗಾರರಿಗೆ ಮತ್ತೊಬ್ಬನ ಪಟ್ಟಿ ಬಿಚ್ಚುವ ಚೈತನ್ಯ ಉಳಿದಿರಲಿಲ್ಲ. ಮೇಲೆ ಸವರಿ ಬಿಟ್ಟುಬಿಡುತ್ತಿದ್ದರು. ಹೊಸದಾಗಿ ಸೇರಿದ ಕಾವಲುಗಾರನೊಬ್ಬ ಪಟ್ಟಿ ನೋಡಿದವನೇ ಬಚ್ಚಪ್ಪನಿಗೆ ಸಲಾಮು ಹೊಡೆದ. ಬಚ್ಚಪ್ಪನೂ ಮರ್ಯಾದೆಗೆಡದೆ ಸಲಾಮು ಹಿಂತಿರುಗಿಸಿದ. ಇದನ್ನು ಕುಪ್ಪುಸ್ವಾಮಿ ಜಮೇದಾರ ದೂರದಿಂದ ಕಂಡ. ಅವನ ಮೀಸೆಯ ಎರಡು ತುದಿಯೂ ಒಟ್ಟಿಗೆ ಅಲುಗಿದವು.

ಒಂದು ದಿನ ಬಚ್ಚಪ್ಪ ಮೇಸ್ತ್ರಿಯ ಬಳಿ ಹೋಗಿ, "ಮೇಸ್ತ್ರಿ, ಆ ಸಾಲಿನಾಗೆ ಒಂದು ಒನಕೆ ತಪ್ಪಿ ಬೀಳ್ತಾ ಐತೆ. ದಡದಡ ಅಂತ ಓಡತೈತೆ, ಆಮೇಲೆ ನಿಂತೋಗತೈತೆ, ಮತ್ತೆ ಓಡತೈತೆ," ಎಂದ. ಮೇಸ್ತ್ರಿ ಸಾಲನ್ನೆಲ್ಲ ನಿಲ್ಲಿಸಿ, ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು ನೋಡಿದ. ಎಲ್ಲ ಸರಿಯಾಗಿತ್ತು.

"ಈಗ ಏಳ್ಲಾ, ಕೇಳ್ತಾ ಐತಾ?"

ಒನಕೆಗಳೆಲ್ಲ ನಿಂತಿದ್ದವು. ಬಚ್ಚಪ್ಪ ಕಿವಿಗೊಟ್ಟ. "ಐತಲ್ಲಾ ಮೇಸ್ತ್ರಿ. ಈಗಲೂ ತಪ್ಪಿ ತಪ್ಪಿ ಬೀಳ್ತಾ ಐತೆ," ಎಂದ.

ಮೇಸ್ತ್ರಿ ಅವನಿಗೆ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಮಲಗಲು ಹೇಳಿ ಕಳಿಸಿದ.

ಮನೆಯಲ್ಲಿ ಈ ಗುಟ್ಟು ತಿಳಿದವಳು ಹೆಂಡತಿ ಅಶ್ವತ್ಥಮ್ಮ ಒಬ್ಬಳೇ. ಗಂಡನ ಪಾದ ಹಿಡಿದರೆ ಅವಳಿಗೆ ಅಳು ಬರುತ್ತಿತ್ತು. ಅದಕ್ಕೆ ಅವಳು ಕಂಡುಕೊಂಡ ಉಪಾಯ ಒಂದು ಇಟ್ಟಿಗೆ. ಸಂಜೆ ಅದನ್ನು ಒಲೆಯ ಕೆಂಡದೊಳಗೆ ಹೂತು, ಕಾಯಿಸಿ, ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿ, ಮಂಚದ ಕೆಳತುದಿಯಲ್ಲಿ ಗಂಡನ ಪಾದದ ಬಳಿ ಇಡುವಳು. ಕಾವಿಗೆ ಅವನು ನಿದ್ದೆ ಹೋಗುವನು.

ಲೈನಿನಲ್ಲಿ ಒಬ್ಬರ ಒಲೆ ಆರಿದರೆ ಮತ್ತೊಬ್ಬರ ಮನೆಗೆ ಸೌಟು ಹಿಡಿದು ಕೆಂಡ ಕೇಳಲು ಹೋಗುವುದು ವಾಡಿಕೆ. ಮಂಗಮ್ಮನ ಒಲೆ ಊರಿನ ಸುದ್ದಿ ತಿಳಿಯಬೇಕಾದಾಗಲೆಲ್ಲ ತಪ್ಪದೆ ಆರುತ್ತಿತ್ತು. ಆ ಸಂಜೆ ಅವಳು ಸೌಟು ಹಿಡಿದು ಒಳಗೆ ಕಾಲಿಟ್ಟಾಗ, ಒಲೆಯೊಳಗೆ ಉದ್ದನೆಯ ಚೌಕದ ಗಟ್ಟಿಯೊಂದು ಕೆಂಪಗೆ ಹೊಳೆಯುತ್ತಿತ್ತು. ಅಶ್ವತ್ಥಮ್ಮ ಬೆಚ್ಚಿಬಿದ್ದು ಬೂದಿ ಎಳೆದಳು.

"ಅದೇನಮ್ಮೀ ಒಲೇನಾಗೆ?"

"ಏನೂ ಇಲ್ಲ ಮಂಗಕ್ಕಾ. ಮುದ್ದೆ."

"ಮುದ್ದೆ ಒಲೆ ಮ್ಯಾಲೆ ಬೇಯತೈತೋ, ಒಲೆ ಒಳಗೋ?"

"ಇದು… ಬೂದಿಕೋಟೆ ಕಡೆ ಮುದ್ದೆ."

ಮಂಗಮ್ಮ ಕೆಂಡವನ್ನೂ ಕೇಳದೆ ತಿರುಗಿ ನಡೆದಳು. ಬೇರೆ ಊರಿನಲ್ಲಾದರೆ ಒಲೆಯೊಳಗೆ ಹೊಳೆಯುವ ಗಟ್ಟಿಯನ್ನು ಇಟ್ಟಿಗೆ ಎನ್ನುತ್ತಿದ್ದರೋ ಏನೋ. ಇದು ನೆಲದ ಕೆಳಗೆಲ್ಲ ಬಂಗಾರವಿರುವ ಊರು. ಮಂಗಮ್ಮನ ಲೆಕ್ಕ ಸರಳವಾಗಿತ್ತು. ಬಚ್ಚಪ್ಪನ ಕೆಲಸ ಚಿನ್ನ ಅಂಟುವ ತಗಡಿನ ಬಳಿ. ಯಾರೂ ಬಿಚ್ಚಿಸದ ಪಟ್ಟಿ ಕಾಲಿಗೆ. ಸಂಜೆಯಾದರೆ ಆ ಕಾಲು ಬೆಳಗಿನದಕ್ಕಿಂತ ದಪ್ಪ. ಮನೆಗೆ ಬಂದೊಡನೆ ಒಲೆಯಲ್ಲಿ ಏನೋ ಕರಗುತ್ತದೆ. ಇನ್ನು ಹೇಳುವುದೇನು?

ಮರುದಿನ ಅಶ್ವತ್ಥಮ್ಮ ಕೊಳಾಯಿಗೆ ಹೋದಾಗ ಹೆಂಗಸರು ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಯಾರೋ ಅವಳ ಬಿಂದಿಗೆಯನ್ನು ತಾವೇ ತುಂಬಿ ಸೊಂಟಕ್ಕೇರಿಸಿದರು. ಅವಳು ಬಿರಬಿರನೆ ಹೆಜ್ಜೆ ಹಾಕಿದಳು. ಮನೆಗೆ ಬಂದು, "ಎಲ್ರಿಗೂ ಗೊತ್ತಾಗೋಗೈತೆ. ನಿಮ್ಮ ಕಾಲು ನೋಡಿ ಅಯ್ಯೋ ಪಾಪ ಅಂತ ನಂಗೆ ನೀರು ಇಡಿದು ಕೊಡ್ತವ್ರೆ," ಎಂದು ಕಣ್ಣೊರೆಸಿಕೊಂಡಳು. ಬಚ್ಚಪ್ಪ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಜನರಿಗೆ ಗೊತ್ತಾದರೆ ಗಣಿಯವರಿಗೆ ತಿಳಿಯಲು ಎಷ್ಟು ಹೊತ್ತು?

ಅದೇ ವಾರ ಬೂದಿಕೋಟೆಯಿಂದ ಬಾಮೈದ ಸೀನಪ್ಪ ಬಂದಿಳಿದ. ಅಕ್ಕನ ಮದುವೆಯಾದ ಮೇಲೆ ಅವನು ಇತ್ತ ತಲೆಹಾಕಿದವನೇ ಅಲ್ಲ. ಈಗ ಒಂದು ಹುಂಜ, ರಾಗಿ ಹಿಟ್ಟಿನ ಗಂಟು, ಹಲಸಿನ ಹಣ್ಣು ಎಲ್ಲ ಹೊತ್ತು ಬಂದು, ಬಾವನ ಕಾಲ ಬಳಿಯೇ ಕೂತ.

"ಬಾವಾ, ಕಾಲು ಒಸಿ ಒತ್ತಲಾ?"

"ಬ್ಯಾಡ ಬ್ಯಾಡ!" ಬಚ್ಚಪ್ಪ ಕಾಲನ್ನು ಎಳೆದುಕೊಂಡ.

"ನೋವಾ? ಭಾರ ಐತೇನೋ?"

"ಭಾರ ಅಂದ್ರೆ… ಎತ್ತಿಡಾಕೆ ಆಗಲ್ಲ ಕಣ್ಲಾ ಸೀನಾ." ಬಚ್ಚಪ್ಪನ ಕಣ್ಣಲ್ಲಿ ನೀರು ತುಂಬಿತು. "ಯಾರ್ಗೂ ಏಳ್ಬೇಡ."

ಸೀನಪ್ಪನ ಕಣ್ಣಲ್ಲೂ ನೀರು ತುಂಬಿತು; ಅದು ಬೇರೆ ಬಗೆಯ ನೀರು. "ನಾನು ಯಾಕೆ ಏಳ್ಲಿ ಬಾವಾ? ರಕ್ತ ಸಂಬಂಧ," ಎಂದು ಅವನು ಹುಂಜವನ್ನು ಅಕ್ಕನ ಕೈಗೆ ಕೊಟ್ಟು, ಊರಿಗೆ ಹೋಗುವ ಯೋಚನೆಯನ್ನೇ ಬಿಟ್ಟುಬಿಟ್ಟ.

ದೈವಭಕ್ತಳಾದ ಅಶ್ವತ್ಥಮ್ಮ ಈ ನಡುವೆ ಬಂಗಾರು ತಿರುಪತಿಯ ವೆಂಕಟರಮಣನಿಗೆ ಹರಕೆ ಹೊತ್ತಿದ್ದಳು. ಕಣ್ಣು ಬೇನೆಯಾದವರು ಬೆಳ್ಳಿಯ ಕಣ್ಣನ್ನೂ ಕೈ ಬೇನೆಯಾದವರು ಬೆಳ್ಳಿಯ ಕೈಯನ್ನೂ ದೇವರಿಗೆ ಒಪ್ಪಿಸುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅವಳು ಜೋಡಿ ಪಾದ ಒಪ್ಪಿಸುವೆನೆಂದಿದ್ದಳು. ಗಂಡನಿಗೆ ಹೇಳದೆ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಅಕ್ಕಸಾಲಿ ಕೋದಂಡಾಚಾರಿಯ ಅಂಗಡಿಯ ಜಗಲಿಯಲ್ಲಿ ಕೂತಳು. ಗಣಿಯ ಲೈನಿನ ಹೆಂಗಸು ಅಕ್ಕಸಾಲಿಯ ಜಗಲಿಯಲ್ಲಿ ಕೂತರೆ ಏನು ಅರ್ಥ ಎಂಬುದು ಅವಳಿಗೆ ಹೊಳೆಯಲಿಲ್ಲ. ಎದುರಿನ ಬೀಡಿ ಅಂಗಡಿಯಲ್ಲಿ ಸುಮ್ಮನೆ ನಿಂತಿದ್ದವನು ಸುಮ್ಮನೆ ನಿಂತವನಲ್ಲ, ಜಮೇದಾರ ಕಳಿಸಿದವನು ಎಂಬುದೂ ಹೊಳೆಯಲಿಲ್ಲ.

ಅವಳು ಸಂಜೆ ಬಂದು ಹೇಳಿದ್ದನ್ನು ಕೇಳಿ ಬಚ್ಚಪ್ಪ ಮಂಚದ ಮೇಲೆ ಕುಸಿದ.

"ನಾನು ಏನೂ ತಪ್ಪು ಮಾತಾಡ್ಲಿಲ್ಲ. 'ಆಚಾರ್ರೇ, ಗುಟ್ಟಾಗಿ ಒಂದು ಕೆಲಸ ಆಗ್ಬೇಕು' ಅಂದೆ. 'ಎಲ್ಲಿಂದ ಬಂದ್ಯಮ್ಮಾ' ಅಂದ. 'ಮಿಲ್ಲು ಲೈನು' ಅಂದೆ. ಅಷ್ಟಕ್ಕೇ ಮುಖ ಬೆಳ್ಳಗಾಯ್ತು. 'ನಮ್ಮ ಯಜಮಾನ್ರ ಕಾಲಿಂದು' ಅಂದೆ ನೋಡಿ, 'ನೀನು ಬಂದಿಲ್ಲ, ನಾನು ನೋಡಿಲ್ಲ, ಎದ್ದೋಗು ತಾಯೀ' ಅಂತ ಬಾಗ್ಲು ಆಕ್ಕೊಂಬಿಟ್ಟ!"

"ಅಕ್ಕಸಾಲಿಗೂ ಗೊತ್ತಾಗೋಯ್ತಾ ನನ್ನ ಕಾಲು!" ಎಂದು ಬಚ್ಚಪ್ಪ ನರಳಿದ.

ಅಂದಿನಿಂದ ಗೇಟಿನಲ್ಲಿ ಒಂದು ವಿಚಿತ್ರ ನಡೆಯಿತು. ಬಚ್ಚಪ್ಪನನ್ನು ಯಾರೂ ಸವರಿ ನೋಡಲೂ ಇಲ್ಲ. ಅವನ ಸರದಿ ಬಂದಾಗ ಕುಪ್ಪುಸ್ವಾಮಿ ತಾನೇ ಮುಂದೆ ಬಂದು, ಅವನ ಕಾಲನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ, "ಪೋ ಬಚ್ಚಪ್ಪಾ, ನಿಧಾನವಾಗಿ ಪೋ," ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ನಗುತ್ತಿದ್ದ. ಬೈಯುವ ಜಮೇದಾರನನ್ನು ಮನುಷ್ಯ ಸಹಿಸಬಹುದು. ನಗುವ ಜಮೇದಾರನನ್ನು ಸಹಿಸಲು ಋಷಿಗಳಿಗೂ ಆಗದು. ಬಚ್ಚಪ್ಪನ ಬೆನ್ನಲ್ಲಿ ಬೆವರು ಹರಿಯುತ್ತಿತ್ತು. ಎದೆಯಲ್ಲಿ ಕಪ್ಪೆಗಳು ಒಂದರ ಮೇಲೊಂದು ಹಾರುತ್ತಿದ್ದವು. ಪಾದ ಮಾತ್ರ ಮಂಜುಗಡ್ಡೆ.

ಶನಿವಾರ ಇನ್ನೂ ದೀಪ ಹಚ್ಚಿರಲಿಲ್ಲ. ಲೈನಿನ ಎರಡು ತುದಿಯಲ್ಲೂ ಕಾವಲುಗಾರರು ನಿಂತರು. ಕುಪ್ಪುಸ್ವಾಮಿ ಬೂಟು ಸದ್ದು ಮಾಡುತ್ತ ಬಂದು ಬಚ್ಚಪ್ಪನ ಬಾಗಿಲಲ್ಲಿ ನಿಂತ. ಜನ ಮನೆಮನೆಯಿಂದ ಹೊರಬಂದು ಸುತ್ತುಗಟ್ಟಿದರು. ಮುಂದಿನ ಸಾಲಿನಲ್ಲಿ ಮಂಗಮ್ಮ. ಅವಳ ಪಕ್ಕದಲ್ಲಿ, ತಾನು ಯಾರೋ ಏನೋ ಎಂಬ ಮುಖ ಮಾಡಿಕೊಂಡು ಸೀನಪ್ಪ.

ಬಚ್ಚಪ್ಪ ಆಗತಾನೆ ಪಾಳಿಯಿಂದ ಬಂದಿದ್ದ. ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ.

"ಎದ್ದು ನಿಲ್ಲು," ಎಂದ ಜಮೇದಾರ. "ನೀನಾಗಿ ಒಪ್ಪಿಕೊಂಡ್ರೆ ನಿಂಗೇ ವಾಸಿ. ಕಾಲಲ್ಲಿ ಏನೈತೆ? ಸೊಲ್ಲು."

ಮುಗಿಯಿತು ಎಂದುಕೊಂಡ ಬಚ್ಚಪ್ಪ. ಮನೆಯ ಸೂರನ್ನೊಮ್ಮೆ ನೋಡಿದ. "ಐತೆ ಸಾಮೀ. ಇನ್ನು ಮುಚ್ಚಿಟ್ಟು ಏನು ಫಲ?"

ಜನರಲ್ಲಿ ಒಂದು ನಿಟ್ಟುಸಿರು ಎದ್ದಿತು. ಜಮೇದಾರನ ಮೀಸೆ ಅರಳಿತು. "ಎಷ್ಟು ದಿನದಿಂದ?"

"ಯುಗಾದಿಯಿಂದ."

"ಯುಗಾದಿಯಿಂದ! ದಿನಾಲೂ?"

"ದಿನಾಲೂ ಸಾಮೀ. ಬೆಳಿಗ್ಗೆ ಒಸಿ ಕಮ್ಮಿ ಇರತೈತೆ. ಮಿಲ್ಲಿನಾಗೆ ನಿಂತೂ ನಿಂತೂ ಸಂಜೆ ಒತ್ಗೆ ತುಂಬ್ಕೊಳ್ಳತೈತೆ. ರಜಾ ದಿನ ಅಷ್ಟಿಲ್ಲ."

"ರಜಾ ದಿನ ಎಂಗೆ ಇರತೈತೆ? ಮಿಲ್ಲು ಮುಚ್ಚಿರತೈತಲ್ಲಾ! ಸರಿ, ಬೆಳಿಗ್ಗೆ ಒತ್ಗೆ ಅದೆಲ್ಲಿಗೆ ಓಗತೈತೆ?"

"ಮಲಗಿದ್ರೆ ಇಳಿದೋಗತೈತೆ. ಎಲ್ಲಿಗೋ, ಆ ಭಗವಂತನೇ ಬಲ್ಲ."

ಜಮೇದಾರ ಅಶ್ವತ್ಥಮ್ಮನ ಕಡೆ ನೋಡಿದ. ಸೀನಪ್ಪನೂ ಅಕ್ಕನ ಕಡೆ ನೋಡಿದ. ಅಕ್ಕ ಇಷ್ಟು ಜಾಣೆ ಎಂದು ಅವನಿಗೆ ತಿಳಿದಿರಲಿಲ್ಲ.

"ಇದ್ರಲ್ಲಿ ಇನ್ಯಾರು ಕೂಟು?"

"ನಾನೂ ನನ್ನೆಂಡ್ತೀನೂ ಇಬ್ರೇ. ಇದೇ ಮನೇನಾಗೆ ಇದ್ದ ಕದಿರಪ್ಪಂಗೂ ಇಂಗೇ ಆಗಿತ್ತು. ಅವನ ಗತಿ ನೋಡಿ ನಾನು ಬಾಯಿ ಮುಚ್ಕೊಂಡೆ."

"ಕದಿರಪ್ಪನೂವಾ! ಅಡಪ್ಪಾವಿ! ಅವನು ಸೀಕು ಅಂತ ನಾನೇ ಗಾಡಿ ಅತ್ತಿಸಿ ಕಳ್ಸಿದ್ನಲ್ಲೋ!" ಜಮೇದಾರ ಹಣೆ ಬಡಿದುಕೊಂಡ.

ಒಲೆಯನ್ನು ಕೆದಕಿದರು. ಗಟ್ಟಿ ಹೊರಬಂತು. ಬೂದಿ ಒರೆಸಿ, ಚಾಕುವಿನಿಂದ ಕೆರೆದು, ನೀರಿನಲ್ಲಿ ಅದ್ದಿದರು. ಅದು ಚುಂಯ್ ಎಂದು ಎರಡು ಹೋಳಾಯಿತು. ಒಳಗೂ ಇಟ್ಟಿಗೆ, ಹೊರಗೂ ಇಟ್ಟಿಗೆ. "ಮ್ಯಾಲೆ ಇಟ್ಟಿಗೆ ಬಳದವ್ರೆ," ಎಂದು ಮಂಗಮ್ಮ ಧೈರ್ಯ ಹೇಳಿದಳು. ಹೋಳುಗಳನ್ನು ಪುಡಿ ಮಾಡಿದರು. ಪುಡಿಯೂ ಇಟ್ಟಿಗೆಯೇ.

"ಪಟ್ಟಿ ಬಿಚ್ಚು," ಎಂದ ಜಮೇದಾರ. ಅವನ ದನಿಯಲ್ಲಿ ಮೊದಲಿನ ನಗುವಿರಲಿಲ್ಲ.

ಬಚ್ಚಪ್ಪ ಬಗ್ಗಿದ. ಬಗ್ಗಿದೊಡನೆ ಉಸಿರು ಕಟ್ಟಿತು. ಅಶ್ವತ್ಥಮ್ಮ ಕೂತು ತಾನೇ ಬಿಚ್ಚತೊಡಗಿದಳು. ಸುತ್ತು, ಮತ್ತೊಂದು ಸುತ್ತು. ಮಿಲ್ಲಿನ ಒನಕೆಗಳ ಸದ್ದು ಮಾತ್ರ ದೂರದಿಂದ ಬರುತ್ತಿತ್ತು. ಜನ ಪ್ರತಿ ಸುತ್ತಿಗೂ ಒಂದೊಂದು ಹೆಜ್ಜೆ ಹತ್ತಿರವಾದರು. ಈಗ ಬಿದ್ದೀತು, ಈಗ ಹೊಳೆದೀತು ಎಂದು ನೆಲವನ್ನೇ ನೋಡುತ್ತಿದ್ದರು. ಕೊನೆಯ ಸುತ್ತು ಕಳಚಿತು. ನೆಲಕ್ಕೆ ಏನೂ ಬೀಳಲಿಲ್ಲ. ಪಟ್ಟಿಯ ಗೀರುಗಳು ಮೂಡಿದ್ದ, ಮಿರಮಿರನೆ ಬಿಗಿದ, ಬಣ್ಣಗೆಟ್ಟ ಎರಡು ಕಾಲು ಎಲ್ಲರ ಕಣ್ಣೆದುರಿಗೆ ನಿಂತಿದ್ದವು.

ಕುಪ್ಪುಸ್ವಾಮಿ ಸುಲಭಕ್ಕೆ ಸೋಲುವವನಲ್ಲ. ಚರ್ಮದ ಕೆಳಗೆ ಅಡಗಿಸಿರಬೇಕೆಂದು ಹೆಬ್ಬೆರಳಿನಿಂದ ಬಲವಾಗಿ ಒತ್ತಿದ. ಹೆಬ್ಬೆರಳು ಒಳಗೆ ಇಳಿಯಿತು. ಬೆಚ್ಚಿ ತೆಗೆದ. ಗುಳಿ ಹಾಗೆಯೇ ಉಳಿಯಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಗುಳಿ. ಕಲಸಿದ ಹಿಟ್ಟಿನ ಮೇಲೆ ಬೆರಳಿಟ್ಟಂತೆ ಜಮೇದಾರನ ಗುರುತುಗಳು ಬಚ್ಚಪ್ಪನ ಕಾಲಿನಲ್ಲಿ ನಿಂತುಬಿಟ್ಟವು.

"ಏನ್ಲಾ ಇದು?" ಕುಪ್ಪುಸ್ವಾಮಿ ಪಿಸುಗುಟ್ಟಿದ. "ಪೊಣಂ… ಎಣದ ಕಾಲು ಇದ್ದಂಗೆ ಐತಲ್ಲೋ. ಇಷ್ಟು ತಣ್ಣಗೆ!"

"ಇದೇ ಸಾಮೀ ನಾನು ಏಳಿದ್ದು. ಬ್ಯಾರೆ ಏನೈತೆ ನನ್ನ ತಾವ?" ಎಂದ ಬಚ್ಚಪ್ಪ. ಅಷ್ಟು ಹೊತ್ತು ನಿಂತಿದ್ದ ಅವನಿಗೆ ಎದೆಯೊಳಗೆ ಒನಕೆಗಳೆಲ್ಲ ಒಟ್ಟಿಗೆ ತಪ್ಪಿ ಬಿದ್ದಂತಾಯಿತು. ಜಮೇದಾರನ ಮೀಸೆ ಎರಡಾಗಿ, ನಾಲ್ಕಾಗಿ ಕಾಣಿಸಿತು. ಅವನು ಜಮೇದಾರನ ತೋಳುಗಳಿಗೇ ಉರುಳಿದ.

"ಜಟ್ಕಾ! ಯಾರಾದ್ರೂ ಜಟ್ಕಾ ತನ್ರಪ್ಪಾ!" ಎಂದು ಕುಪ್ಪುಸ್ವಾಮಿ ಕೂಗಿದ ಕೂಗಿಗೆ ಕಾವಲುಗಾರರೇ ಅಡ್ಡಾದಿಡ್ಡಿ ಓಡಿದರು. ಅಶ್ವತ್ಥಮ್ಮನ ಬಾಯಲ್ಲಿ ವೆಂಕಟರಮಣನ ಹೆಸರು ಬಿಟ್ಟು ಬೇರೆ ಮಾತಿರಲಿಲ್ಲ. ಆಸ್ಪತ್ರೆ ಮುಟ್ಟುವವರೆಗೆ ಅವಳು ಆ ತಣ್ಣನೆಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಮುಚ್ಚಿದ್ದಳು. ಆ ದಾರಿಯುದ್ದಕ್ಕೂ ಯಾರೂ ನಗಲಿಲ್ಲ.

ಡಾಕ್ಟರ್ ಜಯರಾಮಪ್ಪ ಹೊಸದಾಗಿ ಬಂದವರು. ಕೈ ಹಿಡಿದು ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಈ ಮನುಷ್ಯನನ್ನ ನಿಲ್ಲಿಸಿ ವಿಚಾರಣೆ ಮಾಡಿದವರು ಯಾರು?"

ಕುಪ್ಪುಸ್ವಾಮಿ ಗೋಡೆಯ ಕಡೆಗೆ ಸರಿದ.

"ಇವನ ಗುಂಡಿಗೆ ತಾಳ ತಪ್ಪಿದೆ. ಒಮ್ಮೆ ಓಡುತ್ತೆ, ಒಮ್ಮೆ ಎಡವುತ್ತೆ. ಹಾಗೆ ಎಡವಿದರೆ ರಕ್ತ ಪಾದದವರೆಗೆ ಸರಿಯಾಗಿ ಹೋಗಲ್ಲ, ಅದಕ್ಕೇ ತಣ್ಣಗೆ. ಹೋದದ್ದು ಸರಿಯಾಗಿ ಹಿಂದಕ್ಕೆ ಬರಲ್ಲ, ನೀರು ಕೆಳಗೇ ನಿಲ್ಲುತ್ತೆ, ಅದಕ್ಕೇ ಊತ. ಇನ್ನು ಸ್ವಲ್ಪ ದಿನ ಮುಚ್ಚಿಟ್ಟಿದ್ದರೆ ಕಾಲಲ್ಲ, ಮನುಷ್ಯನೇ ಇರುತ್ತಿರಲಿಲ್ಲ."

ಬಚ್ಚಪ್ಪ ಕಣ್ಣು ಬಿಟ್ಟ. "ಬುದ್ಧೀ, ನನ್ನ ಮನೆ?"

"ಮೊದಲು ನೀನು ಉಳಿ. ಆಮೇಲೆ ಮನೆ."

"ಮನೆ ಉಳೀದಿದ್ರೆ ನಾನು ಉಳಿದು ಎಲ್ಲಿರಲಿ ಬುದ್ಧೀ?"

ಉತ್ತರ ಬಂದದ್ದು ಗೋಡೆಯ ಕಡೆಯಿಂದ. ಸಾಯುವ ಸ್ಥಿತಿಯಲ್ಲಿದ್ದವನನ್ನು ಹಿಡಿಯಲು ಕಾವಲುಪಡೆಯೊಂದಿಗೆ ದಂಡೆತ್ತಿ ಹೋಗಿ ಒಂದು ಇಟ್ಟಿಗೆಯನ್ನು ಪುಡಿ ಮಾಡಿದ ಕಥೆ ದೊರೆಗಳ ಕಿವಿಗೆ ಬಿದ್ದರೆ ತನ್ನ ಮೀಸೆಯ ಗತಿಯೇನೆಂದು ಕುಪ್ಪುಸ್ವಾಮಿ ಆಗಲೇ ಯೋಚಿಸಿದ್ದ. ಜೊತೆಗೆ, ಆ ತಣ್ಣನೆಯ ಕಾಲು ಅವನ ಬೆರಳ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಗೇಟಿನಾಗೆ ಬಿಲ್ಲೆ ಕೊಡೋನು ಬೇಕು ಅಂತಾವ್ರೆ. ಕೂತ್ಕೊಂಡು ಮಾಡೋ ಕೆಲಸ. ನಾನು ದೊರೆಗೆ ಏಳ್ತೀನಿ," ಎಂದ. ಹೇಳಿದಂತೆ ಮಾಡಿದ. ಕೆಲಸಕ್ಕೆ ಬರುವವರಿಗೆ ಹಿತ್ತಾಳೆ ಬಿಲ್ಲೆ ಎತ್ತಿಕೊಡುವ ಕಿಟಕಿಯಲ್ಲಿ, ವಾಸಿಯಾದ ಮೇಲೆ ಬಚ್ಚಪ್ಪ ಕೂರಬಹುದೆಂದಾಯಿತು. ಮನೆ ಉಳಿಯಿತು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯುತ್ತಿತ್ತು ಕೂಡ, ಬಚ್ಚಪ್ಪನಿಗೆ ವಾಸಿಯಾಗದೆ ಹೋಗಿದ್ದರೆ.

ಡಾಕ್ಟರು ಕೊಟ್ಟದ್ದು ದಿನವೂ ಕೆಲವು ಹನಿ ಕಹಿ ಔಷಧ, ಉಪ್ಪಿಲ್ಲದ ಸಾರು, ತಲೆಗೆ ಎತ್ತರದ ದಿಂಬು. ಬಚ್ಚಪ್ಪನ ಕಾಲು ಇಳಿಯತೊಡಗಿತು. ಮೊದಲು ಹರಡಿನ ಮೂಳೆ ಕಂಡಿತು. ಆಮೇಲೆ ನರಗಳು ಕಂಡವು. ಕೊನೆಗೆ ಆ ಕಾಲು ಬಡಗಿ ಕೆತ್ತಿದ ಕೋಲಿನಂತಾಗಿ, ಮುಟ್ಟಿದರೆ ಬೆಚ್ಚಗೂ ಇತ್ತು. ಅಶ್ವತ್ಥಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಸೀನಪ್ಪ ಎದೆ ಬಡಿದುಕೊಂಡ.

"ಎಲ್ಲಕ್ಕಾ? ಎಲ್ಲೋಯ್ತು?"

"ಏನ್ಲಾ ಎಲ್ಲೋಯ್ತು?"

"ಅಷ್ಟು ದಪ್ಪ ಕಾಲು! ಆಸ್ಪತ್ರೀಗೆ ತುಂಬಿದ ಕಾಲು ಓಯ್ತು, ಬರೀ ಕಾಲು ಬಂತು! ಬಾವನ್ನ ಮಲಗಿಸಿ, ಬಾಯಿಗೆ ಅದೇನೋ ಅನಿ ಬಿಟ್ಟು, ಬಾಗ್ಲು ಆಕ್ಕೊಂಡು…" ಅವನಿಗೆ ಮುಂದೆ ಮಾತು ಹೊರಡಲಿಲ್ಲ.

ಅವನಿಗೆ ಹೊರಡದ ಮಾತು ಮಂಗಮ್ಮನಿಗೆ ಹೊರಟಿತು. "ಜಮೇದಾರ ದಡ್ಡ. ಒತ್ತಿ ನೋಡ್ದ, ಬಿಟ್ಟ. ಡಾಕ್ಟ್ರು ಓದಿದವ್ರು. ಪಾದರಸ ಅಂಗೆ ಕರಗಿಸಿ ತೆಗೆದವ್ರೆ. ಅದಕ್ಕೇ ಗುಳಿ ಬಿದ್ದಿದ್ದು. ಒಳಗಡೆ ಕರಗಿತ್ತು." ಲೈನಿನವರಿಗೆ ಈ ವಿವರಣೆ ಡಾಕ್ಟರ ವಿವರಣೆಗಿಂತ ಎಷ್ಟೋ ಶಾಸ್ತ್ರೀಯವಾಗಿ ಕಂಡಿತು. ಗುಂಡಿಗೆ ಎಡವಿದರೆ ಕಾಲು ಊದುವುದೆಂದರೆ ನಂಬುವ ಮಾತೆ?

ಸುದ್ದಿ ಗೇಟಿಗೂ ಹೋಯಿತು. ಒಂದು ಬೆಳಿಗ್ಗೆ ಡಾಕ್ಟರು ಗೇಟಿನ ಮುಂದೆ ಹಾದು ಹೋಗುವಾಗ ಕುಪ್ಪುಸ್ವಾಮಿಯ ಕೈ, ಯಜಮಾನನ ಅಪ್ಪಣೆಯಿಲ್ಲದೆ, ತನ್ನ ಹಳೇ ಅಭ್ಯಾಸದಿಂದ ಮುಂದೆ ಚಾಚಿತು. "ಬ್ಯಾಗು ಒಸಿ ತೆಗೀತೀರಾ ಸಾರ್? ತಪ್ಪು ತಿಳ್ಕೋಬೇಡಿ."

ಡಾಕ್ಟರ ಮುಖ ಕೆಂಪೇರಿತು. ಬ್ಯಾಗನ್ನು ಅಲ್ಲೇ ನೆಲದ ಮೇಲೆ ತೆರೆದು ತೋರಿಸಿ, ಬಿಲ್ಲೆ ಕಿಟಕಿಯಲ್ಲಿ ಕೂತಿದ್ದ ಬಚ್ಚಪ್ಪನ ಕಡೆ ಬೆರಳು ತೋರಿಸಿದರು. "ನೋಡು, ನಿನ್ನ ಕಾಲು ನನ್ನನ್ನ ಕಳ್ಳನನ್ನಾಗಿ ಮಾಡಿತು. ಈ ಮಾತು ನಿಲ್ಲುವವರೆಗೆ ನಿಮ್ಮ ಲೈನಿನ ಒಬ್ಬರ ಕಾಲನ್ನೂ ನಾನು ಮುಟ್ಟುವುದಿಲ್ಲ. ಔಷಧಿ ಬೇಕಾದರೆ ಕೋಲಾರಕ್ಕೆ ಹೋಗು."

ಬಚ್ಚಪ್ಪನ ಔಷಧಿಯ ಬಾಟಲಿಯಲ್ಲಿ ತಳ ಕಾಣುತ್ತಿತ್ತು. ಆ ಹನಿ ನಿಂತರೆ ಎದೆಯೊಳಗಿನ ಕಪ್ಪೆಗಳು ಮತ್ತೆ ಏಳುವುದು ಅವನಿಗೆ ಖಾತ್ರಿಯಿತ್ತು. ಕೋಲಾರದ ದಾರಿಯಲ್ಲಿ ಗಾಡಿಯ ಕುಲುಕಾಟಕ್ಕೆ ಊರು ಮುಟ್ಟುವ ಮೊದಲೇ ಪ್ರಾಣ ಹೋಗುವಂತಿತ್ತು.

ಆ ಸಂಜೆ ಅವನು ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಲೈನಿನ ನಡುವೆ ಹಾಸಿದ್ದ ಕಲ್ಲುಚಪ್ಪಡಿಯ ಮೇಲೆ ಕೂತು, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಎರಡು ಕಾಲೂ ಚಾಚಿ, ಮದುವೆಗೆ ಕರೆಯುವವನಂತೆ ಕೂಗಿದ: "ಬನ್ರಪ್ಪೋ! ಬನ್ರಮ್ಮೋ! ನನ್ನ ಕಾಲು ಒತ್ತಿ ನೋಡ್ಕೊಂಡು ಓಗ್ರಿ!"

ಜನ ಸಾಲುಗಟ್ಟಿದರು. ಮೊದಲಿಗೆ ಬಂದವಳು ಮಂಗಮ್ಮ. ಅವಳು ಬಗ್ಗಿ, ಸೊಪ್ಪು ಆರಿಸುವ ಶ್ರದ್ಧೆಯಿಂದ ಮೇಲಿಂದ ಕೆಳಗೆ ಒತ್ತಿದಳು. ಮೂಳೆ ಸಿಕ್ಕಿತು, ಗುಳಿ ಬೀಳಲಿಲ್ಲ.

"ಏದಿ ಬಂಗಾರಂ? ಎಲ್ಲೈತೆ? ಒಂದು ಗುಂಜೀನೂ ಬಿಟ್ಟಿಲ್ಲ ಮಹರಾಯ!"

"ಮಂಗಕ್ಕಾ, ಇದ್ದಿದ್ದೇ ನೀರು. ರೋಗ ಇದ್ದಾಗ ಗುಳಿ ಬೀಳತೈತೆ, ಇಲ್ದಿದ್ರೆ ಇಲ್ಲ. ನನ್ನ ಮಾತು ಬ್ಯಾಡ. ನಿನ್ನ ಕಾಲೇ ಒತ್ತಿ ನೋಡು, ನಿಂಗೇನು ರೋಗವಾ?"

"ನಂಗ್ಯಾಕೆ ರೋಗ? ಕಲ್ಲು ಗುಂಡಿದ್ದಂಗೆ ಇವ್ನಿ." ಎಲ್ಲರೂ ನೋಡಲೆಂದು ಮಂಗಮ್ಮ ಸೀರೆಯ ಅಂಚನ್ನು ಸ್ವಲ್ಪ ಎತ್ತಿ, ಹರಡಿನ ಮೇಲೆ ಹೆಬ್ಬೆರಳಿಟ್ಟು ಜೋರಾಗಿ ಒತ್ತಿ, ತೆಗೆದಳು.

ಗುಳಿ ಬಿದ್ದಿತ್ತು.

ಅವಳು ಅದನ್ನು ನೋಡಿದಳು. ಅದು ತುಂಬಿಕೊಳ್ಳಲಿ ಎಂದು ಕಾದಳು. ತುಂಬಿಕೊಳ್ಳಲಿಲ್ಲ. ಸೀರೆಯ ಅಂಚು ಅವಳ ಕೈಯಿಂದ ಜಾರಿ ಬಿತ್ತು. ಬೇರೆಯವರಿಗೆ ಕಾಣಿಸಿತೋ ಇಲ್ಲವೋ, ಎದುರಿಗೆ ಕೂತಿದ್ದ ಬಚ್ಚಪ್ಪನಿಗೆ ಚೆನ್ನಾಗಿ ಕಾಣಿಸಿತು. ಅವಳ ಕೈ ಮೆಲ್ಲಗೆ ಎದೆಯ ಮೇಲೆ ಹೋದದ್ದೂ ಕಾಣಿಸಿತು. ಮಂಗಮ್ಮನ ಬಾಯಿಂದ ಪಿಸುಮಾತು ಹೊರಟದ್ದನ್ನು ಲೈನಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಬಚ್ಚಣ್ಣಾ… ಯಾರ್ಗೂ ಏಳ್ಬೇಡ ಕಣಪ್ಪಾ. ನನ್ನ ಕಾಲಿಗೂ ಬಂಗಾರ ಅಂದ್ಬಿಡ್ತಾರೆ. ನಮ್ಮೋರ ಕೆಲಸ, ನಮ್ಮನೆ…"

ಬಚ್ಚಪ್ಪ ಅವಳ ಮುಖವನ್ನು ನೋಡಿದ. ಇಟ್ಟಿಗೆಯ ಸುದ್ದಿ, ಪಟ್ಟಿಯ ಸುದ್ದಿ, ಡಾಕ್ಟರ ಸುದ್ದಿ ಎಲ್ಲ ಹುಟ್ಟಿದ್ದು ಆ ಬಾಯಿಯಿಂದಲೇ. ಒಂದು ಕ್ಷಣ ಅವನಿಗೂ ಮನುಷ್ಯಸಹಜವಾದ ಸೇಡಿನ ಆಸೆ ಬಂದಿರಬೇಕು. ಆದರೆ ಆ ಮುಖದಲ್ಲಿ ಅವನಿಗೆ ಕಂಡದ್ದು ಯುಗಾದಿಯಿಂದ ತಾನು ಕನ್ನಡಿಯಲ್ಲಿ ಕಂಡಿದ್ದ ಮುಖ. ಅವನು ಎದ್ದು ನಿಂತು, ತನ್ನ ಎದೆಗೆ ಆಗುವಷ್ಟು ಜೋರಾಗಿ ಕೂಗಿದ: "ಲೇ ಸೀನಾ! ಓಡ್ಲಾ, ಜಟ್ಕಾ ತಗಂಬಾ! ಮಂಗಕ್ಕನ್ನ ಡಾಕ್ಟ್ರ ತಾವ ಕರ್ಕೊಂಡು ಓಗ್ಬೇಕು. ನಾನೂ ಬತ್ತೀನಿ, ಕಾಲು ಇಡ್ಕೊಂಡು ಕೇಳ್ತೀನಿ!"

"ಮುಚ್ಚೋ ಬಾಯಿ!" ಎಂದು ಮಂಗಮ್ಮ ಹಲ್ಲು ಕಚ್ಚಿದಳು.

"ಮುಚ್ಚಿದ್ದಕ್ಕೇ ಸಾಯ್ತಿದ್ದೆ ಕಣಕ್ಕಾ. ಅತ್ತು ಗಾಡಿ."

ಜಟ್ಕಾ ಬಂತು. ಅಶ್ವತ್ಥಮ್ಮ ಮಂಗಮ್ಮನ ಕೈ ಹಿಡಿದು ಹತ್ತಿಸಿ, ಅವಳ ಪಾದಗಳನ್ನು ಮುಟ್ಟಿ ನೋಡಿ, ತನ್ನ ಮಡಿಲಿಗೆ ಎಳೆದುಕೊಂಡಳು. ಬಚ್ಚಪ್ಪ ಮುಂದೆ ಜಟ್ಕಾದವನ ಪಕ್ಕದಲ್ಲಿ ಕೂತ. ಸೀನಪ್ಪ ಗಾಡಿಯ ಹಿಂದೆ ಮೂಲೆಯವರೆಗೂ ಓಡಿಬಂದು, ಮಂಗಮ್ಮನ ಪಾದವನ್ನು ಒಮ್ಮೆ ಕಣ್ಣಿಂದಲೇ ತೂಗಿ ನೋಡಿ, ಏದುಸಿರಿನಲ್ಲಿ ಕೇಳಿದ:

"ಮಂಗಕ್ಕಾ, ನಿಮ್ಮೋರಿಗೆ ಕೆಲಸ ಮಿಲ್ಲಿನಾಗೆ ಯಾವ ಕಡೆ?"

ಗಾಡಿ ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಲೈನಿನಲ್ಲಿ ಮನೆಮನೆಯ ಒಲೆಗಳು ಆರಿದವು. ಹೆಂಗಸರು ಸೌಟು ಹಿಡಿದುಕೊಂಡು ಮಂಗಮ್ಮನ ಮನೆಯ ಕಡೆಗೆ ಹೊರಟಿದ್ದರು.